ಗಣಕಜಾಲದ ಕೇಬಲ್ ಕನೆಕ್ಟರ್‌ಗಳು: ವಿನ್ಯಾಸದ ದೋಷಗಳು ಮತ್ತು ಪರಿಹಾರೋಪಾಯಗಳು

ವಾಣಿಜ್ಯ ವ್ಯವಹಾರದಲ್ಲಿ ಗಣಕಯಂತ್ರದ ಬಳಕೆಯು ಇಂದು ಐಚ್ಛಿಕವಾಗಿ ಉಳಿದಿಲ್ಲವೆಂಬುದು ಸದಸ್ಯರೆಲ್ಲರಿಗೂ ತಿಳಿದ ಸಂಗತಿ. ನಮ್ಮ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡ ‘ಭೂಮಿ’ ಯೋಜನೆಯು 2000ದ ದಶಕದ ಮೊದಲ ವರ್ಷಗಳಲ್ಲಿ ರಾಜ್ಯದ 177 ತಾಲ್ಲೂಕುಗಳಿಗೂ ವಿಸ್ತರಿಸಿ, ಕೈಬರಹದ ಪಹಣಿಯ ಕಾಲವನ್ನು ಮುಗಿಸಿತು. 2014ರಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳ ಹರಾಜನ್ನು ಗಣಕದ ಪರದೆಯ ಮೇಲೆ ತಂದಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. 2018ರ ಏಪ್ರಿಲ್ 1ರಿಂದ ಕರ್ನಾಟಕವು ದೇಶದಲ್ಲಿಯೇ ಮೊದಲನೆಯದಾಗಿ ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಪದ್ಧತಿಯನ್ನು ಅಳವಡಿಸಿಕೊಂಡಿತು. 2023ರ ಆಗಸ್ಟ್ 1ರಿಂದ ವಾರ್ಷಿಕ 5 ಕೋಟಿ ರೂಪಾಯಿ ಮೀರಿದ ವಹಿವಾಟುಳ್ಳವರು ಇತರ ನೋಂದಾಯಿತ ವ್ಯಾಪಾರಿಗಳಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು.

ಇವೆಲ್ಲದರ ಪರಿಣಾಮವಾಗಿ ಕೃಷ್ಣರಾಜಪೇಟೆಯ ಅಕ್ಕಿ ಗಿರಣಿಯಿರಲಿ, ಪಾಂಡವಪುರದ ಬೆಲ್ಲದ ಮಂಡಿಯಿರಲಿ, ನಾಗಮಂಗಲದ ತೆಂಗಿನ ನಾರಿನ ಘಟಕವಿರಲಿ, ಶ್ರೀರಂಗಪಟ್ಟಣದ ವಸತಿಗೃಹವಿರಲಿ, ಒಂದಕ್ಕಿಂತ ಹೆಚ್ಚು ಗಣಕಗಳು, ಮುದ್ರಣಯಂತ್ರ, ವೇ ಬ್ರಿಡ್ಜ್ ಕೊಠಡಿಯ ಗಣಕ ಮತ್ತು ಸಿಸಿಟಿವಿ ಕ್ಯಾಮೆರಾಗಳನ್ನು ಕೂಡಿಸುವ ಸಣ್ಣದೊಂದು ಜಾಲವು ಸಾಮಾನ್ಯವಾಗಿದೆ. ಈ ಜಾಲವು ನಿಂತರೆ ವ್ಯವಹಾರವೂ ನಿಲ್ಲುತ್ತದೆ. ಲಾರಿಗೆ ಸರಕು ತುಂಬಿ ಆಗಿದೆ, ಚಾಲಕನು ಕಾಯುತ್ತಿದ್ದಾನೆ, ಆದರೆ ಬಿಲ್ಲು ಹೊರಡುವುದಿಲ್ಲ. ತೆರಿಗೆಗೊಳಪಟ್ಟ ಸರಕಿನ ಮೌಲ್ಯ 50,000 ರೂಪಾಯಿ ಮೀರಿದಲ್ಲಿ ಇ-ವೇ ಬಿಲ್ ಇಲ್ಲದೆ ಹೊರಡುವಂತಿಲ್ಲ. ಹೊರಟು ಸಿಕ್ಕಿಬಿದ್ದರೆ ಕಲಂ 129ರನ್ವಯ ವಾಹನವನ್ನು ತಡೆಹಿಡಿಯಬಹುದು. 2022ರ ಜನವರಿ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ, ಮಾಲೀಕನು ಮುಂದೆ ಬಂದು ಬಿಡಿಸಿಕೊಳ್ಳುವಾಗಲೂ ದಂಡವು ತೆರಿಗೆಯ ಎರಡರಷ್ಟಾಗುತ್ತದೆ.

ಇಂತಹ ಸಂದರ್ಭದಲ್ಲಿ ನಾವು ಮೊದಲು ದೂರುವುದು ಅಂತರ್ಜಾಲ ಸೇವೆಯವರನ್ನು, ಅನಂತರ ಗಣಕವನ್ನು. ಆದರೆ ಅನೇಕ ಸಲ ತೊಂದರೆಯು ಇರುವುದು ಕೇಬಲಿನ ತುದಿಯಲ್ಲಿರುವ, ಕೆಲವೇ ರೂಪಾಯಿ ಬೆಲೆಯ, ಬೆರಳ ತುದಿಯಷ್ಟು ಗಾತ್ರದ ಪ್ಲಾಸ್ಟಿಕ್ ಪ್ಲಗ್ಗಿನಲ್ಲಿ. ಕಡಾಣಿ ಕಳಚಿದರೆ ಗಾಡಿಯ ಚಕ್ರವೇ ಉರುಳಿಹೋಗುವಂತೆ, ಈ ಪ್ಲಗ್ಗು ಸಡಿಲಗೊಂಡರೆ ಲಕ್ಷಾಂತರ ರೂಪಾಯಿಯ ಉಪಕರಣವೂ ನಿಷ್ಪ್ರಯೋಜಕ. ಈ ಕನೆಕ್ಟರಿನ ವಿನ್ಯಾಸದಲ್ಲಿಯೇ ಇರುವ ದೋಷಗಳು ಯಾವುವು, ಅವು ಏಕೆ ಉಳಿದುಬಂದವು, ನಮ್ಮ ಅಂಗಡಿ ಮತ್ತು ಕಾರ್ಖಾನೆಗಳ ಮಟ್ಟದಲ್ಲಿ ಅವನ್ನು ಹೇಗೆ ಸರಿಪಡಿಸಿಕೊಳ್ಳಬಹುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕನೆಕ್ಟರಿನ ಹಿನ್ನೆಲೆ

ಸ್ಥಳೀಯ ಗಣಕಜಾಲದಲ್ಲಿ ಇಂದು ಸರ್ವತ್ರ ಬಳಕೆಯಲ್ಲಿರುವ ತಂತ್ರವು ‘ಈಥರ್‌ನೆಟ್’. ಇದರ ಮೊದಲ ರೂಪದಲ್ಲಿ ದಪ್ಪನೆಯ ಏಕಾಕ್ಷ ಕೇಬಲನ್ನು ಬಳಸಲಾಗುತ್ತಿತ್ತು. ಗಣಕವನ್ನು ಆ ಕೇಬಲಿಗೆ ಜೋಡಿಸಲು 15 ಪಿನ್ನುಗಳ ಕನೆಕ್ಟರ್ ಇದ್ದು, ಅದನ್ನು ಭದ್ರಪಡಿಸಲು ಸ್ಕ್ರೂ ಬದಲಿಗೆ ಜಾರುವ ತಗಡಿನ ಪಟ್ಟಿಯೊಂದನ್ನು ಇಡಲಾಗಿತ್ತು. ಭಾರವಾದ ಕೇಬಲ್ ಜೋತುಬಿದ್ದಾಗ ಆ ಪಟ್ಟಿಯು ಬಾಗಿ ಸಂಪರ್ಕ ಕಳಚುತ್ತಿದ್ದುದು ಆ ಕಾಲದ ತಂತ್ರಜ್ಞರಿಗೆ ನಿತ್ಯದ ತಲೆನೋವಾಗಿತ್ತು. ಅನಂತರ ಬಂದ ತೆಳು ಕೇಬಲಿನ ಪದ್ಧತಿಯಲ್ಲಿ ತಿರುಗಿಸಿ ಕೂರಿಸುವ ಬಿಎನ್‌ಸಿ ಕನೆಕ್ಟರ್ ಬಳಕೆಯಾಯಿತು. ಅದು ಗಟ್ಟಿಮುಟ್ಟಾಗಿತ್ತಾದರೂ ಎಲ್ಲ ಗಣಕಗಳೂ ಒಂದೇ ಸರಪಳಿಯಲ್ಲಿದ್ದುದರಿಂದ ಒಂದು ಕಡೆ ಕಳಚಿದರೆ ಕಚೇರಿಯ ಇಡೀ ಜಾಲ ಸ್ತಬ್ಧವಾಗುತ್ತಿತ್ತು.

1990ರಲ್ಲಿ ಐಇಇಇ ಸಂಸ್ಥೆಯು ಹೆಣೆದ ಜೋಡಿತಂತಿಗಳ ಮೇಲೆ ಈಥರ್‌ನೆಟ್ ನಡೆಸುವ ಮಾನಕವನ್ನು ಅಂಗೀಕರಿಸಿತು. ಪ್ರತಿ ಗಣಕಕ್ಕೂ ಪ್ರತ್ಯೇಕ ಕೇಬಲ್, ಎಲ್ಲ ಕೇಬಲ್‌ಗಳೂ ಒಂದು ಪೆಟ್ಟಿಗೆಗೆ ಬಂದು ಸೇರುವ ವ್ಯವಸ್ಥೆ ಇದರಿಂದ ಸಾಧ್ಯವಾಯಿತು. ಇದಕ್ಕಾಗಿ ಹೊಸ ಕನೆಕ್ಟರ್ ರೂಪಿಸುವ ಬದಲು, ಅಮೆರಿಕದ ಟೆಲಿಫೋನ್ ಕಂಪನಿಗಳಿಗಾಗಿ ಬೆಲ್ ಪ್ರಯೋಗಾಲಯ ಮತ್ತು ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಗಳು 1960 ಮತ್ತು 70ರ ದಶಕಗಳಲ್ಲಿ ರೂಪಿಸಿದ್ದ ಮಾಡ್ಯುಲರ್ ಪ್ಲಗ್ಗನ್ನೇ ಎಂಟು ತಂತಿಗಳ ರೂಪದಲ್ಲಿ ಸ್ವೀಕರಿಸಲಾಯಿತು. ನಾವೆಲ್ಲ ಇದನ್ನು ‘ಆರ್‌ಜೆ-45’ ಎಂದೇ ಕರೆಯುತ್ತೇವೆ. ವಾಸ್ತವದಲ್ಲಿ ಆ ಹೆಸರು ಟೆಲಿಫೋನ್ ಮೋಡೆಮ್‌ಗಳಿಗಾಗಿ ಇದ್ದ ಬೇರೊಂದು ಜೋಡಣೆಯದು. ಅದರ ಪ್ಲಗ್ಗಿಗೆ ಪಕ್ಕದಲ್ಲೊಂದು ಹೆಚ್ಚುವರಿ ಏಣು ಇರುತ್ತಿತ್ತು. ಗಣಕಜಾಲದ ಪ್ಲಗ್ಗಿನ ತಾಂತ್ರಿಕ ಹೆಸರು ‘8ಪಿ8ಸಿ’, ಅಂದರೆ ಎಂಟು ಸ್ಥಾನ, ಎಂಟು ಸಂಪರ್ಕ. ಆದರೆ ರೂಢಿಯ ಹೆಸರೇ ಗೆದ್ದಿದೆಯಾದ್ದರಿಂದ ಈ ಲೇಖನದಲ್ಲೂ ಅದನ್ನೇ ಬಳಸಲಾಗಿದೆ.

ಮನೆಯ ಮೂಲೆಯಲ್ಲಿ ಒಂದೆಡೆ ಕುಳಿತು, ಮಾತಿನ ಸಂಕೇತವನ್ನಷ್ಟೇ ಸಾಗಿಸುವ ಟೆಲಿಫೋನಿಗಾಗಿ ಹುಟ್ಟಿದ ಪ್ಲಗ್ಗು ಇದು. ಅದೇ ಪ್ಲಗ್ಗಿನ ಮೇಲೆ ಸೆಕೆಂಡಿಗೆ ನೂರು ಕೋಟಿ ಬಿಟ್‌ಗಳ ವೇಗ, ಕ್ಯಾಮೆರಾಗಳಿಗೆ ಬೇಕಾದ ವಿದ್ಯುತ್ತು, ಕಾರ್ಖಾನೆಯ ಧೂಳು ಇವೆಲ್ಲವನ್ನೂ ಇಂದು ಹೇರಲಾಗಿದೆ. ಮುಂದೆ ಹೇಳುವ ದೋಷಗಳಲ್ಲಿ ಹೆಚ್ಚಿನವುಗಳ ಮೂಲ ಇಲ್ಲಿಯೇ ಇದೆ.

ಮೊದಲನೆಯ ದೋಷ: ಮುರಿಯುವ ಕೊಂಡಿ

ಪ್ಲಗ್ಗಿನ ಒಂದು ಮುಖದಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ನಾಲಗೆಯಂತಹ ಕೊಂಡಿಯಿದೆ. ಪ್ಲಗ್ಗನ್ನು ಜ್ಯಾಕಿಗೆ ತಳ್ಳಿದಾಗ ‘ಟಕ್’ ಎಂದು ಕೂರುವುದು ಇದರಿಂದಲೇ. ಈ ಕೊಂಡಿಯು ಪ್ಲಗ್ಗಿನ ಮುಂದುಗಡೆ ಅಂಟಿಕೊಂಡು, ಹಿಂದುಗಡೆಗೆ ಮೀನಿನ ಗಾಳದ ಮುಳ್ಳಿನಂತೆ ಚಾಚಿಕೊಂಡಿದೆ. ಹಲವು ಕೇಬಲ್‌ಗಳ ನಡುವಿನಿಂದ ಒಂದನ್ನು ಹಿಂದಕ್ಕೆಳೆದಾಗ ಅದು ಬೇರೊಂದು ಕೇಬಲಿಗೆ ಸಿಕ್ಕಿಕೊಂಡು, ತಿರುವುಮುರುವಾಗಿ ಬಾಗಿ, ಬುಡದಲ್ಲಿ ಮುರಿಯುತ್ತದೆ. ಕೊಂಡಿ ಮುರಿದ ಪ್ಲಗ್ಗು ಜ್ಯಾಕಿನೊಳಗೆ ಕುಳಿತಂತೆ ಕಾಣುತ್ತದೆಯೇ ಹೊರತು ಅದನ್ನು ಹಿಡಿದಿಡುವ ಯಾವುದೂ ಇರುವುದಿಲ್ಲ. ಗಿರಣಿಯ ಕಂಪನ, ಕಸ ಗುಡಿಸುವವರ ಪೊರಕೆ, ಮೇಜಿನ ಅಲುಗಾಟ ಇವುಗಳಲ್ಲಿ ಯಾವುದಾದರೊಂದು ಸಾಕು, ಅದು ಅರ್ಧ ಮಿಲಿಮೀಟರ್ ಹಿಂದೆ ಸರಿದು ಸಂಪರ್ಕ ಬಂದುಹೋಗಿ ಮಾಡತೊಡಗುತ್ತದೆ. ಪೂರ್ತಿ ಕಡಿದ ಸಂಪರ್ಕವನ್ನು ಪತ್ತೆಹಚ್ಚುವುದು ಸುಲಭ. ಬಂದುಹೋಗಿ ಮಾಡುವುದನ್ನು ಪತ್ತೆಹಚ್ಚುವುದು ಕಷ್ಟ. ಲೆಕ್ಕಪತ್ರದ ಕಡತವು ಒಂದು ಗಣಕದಲ್ಲಿದ್ದು, ಮತ್ತೊಂದರಿಂದ ನಮೂದು ಮಾಡುತ್ತಿರುವಾಗ ನಡುವೆ ಸಂಪರ್ಕ ತಪ್ಪಿದರೆ ಕಡತವೇ ಕೆಡುವ ಸಂಭವವುಂಟು.

ಇದಕ್ಕೆ ತಯಾರಕರು ಕಂಡುಕೊಂಡ ಪರಿಹಾರವು ಕೊಂಡಿಯನ್ನು ಮುಚ್ಚುವ ಮೃದುವಾದ ರಬ್ಬರಿನಂತಹ ಕವಚ. ಇದನ್ನು ಮಾರುಕಟ್ಟೆಯಲ್ಲಿ ‘ಬೂಟ್’ ಎನ್ನುತ್ತಾರೆ. ಬೂಟ್ ಇರುವ ಕೇಬಲ್ ಬೇರೆ ಕೇಬಲ್‌ಗಳಿಗೆ ಸಿಕ್ಕಿಕೊಳ್ಳುವುದಿಲ್ಲ, ಪ್ಲಗ್ಗಿನ ಬುಡದಲ್ಲಿ ಕೇಬಲ್ ತೀರಾ ಬಾಗದಂತೆಯೂ ಅದು ತಡೆಯುತ್ತದೆ. ಆದರೆ ಅಗ್ಗದ ಬೂಟುಗಳು ಬಿಸಿಲು ಮತ್ತು ಕಾವಿಗೆ ವರ್ಷವೊಪ್ಪತ್ತಿನಲ್ಲಿ ಗಡುಸಾಗುತ್ತವೆ. ಆಗ ಕೊಂಡಿಯನ್ನು ಒತ್ತುವುದೇ ಕಷ್ಟವಾಗಿ, ಸ್ಕ್ರೂಡ್ರೈವರ್‌ನಿಂದ ಮೀಟುವವರು ಜ್ಯಾಕನ್ನೇ ಹಾಳುಮಾಡುತ್ತಾರೆ. ಆದ್ದರಿಂದ ಖರೀದಿಯ ಸಮಯದಲ್ಲಿ ಬೂಟನ್ನು ಬೆರಳಿನಿಂದ ಒತ್ತಿ, ಮೃದುವಾಗಿದೆಯೇ, ಕೊಂಡಿ ಸಲೀಸಾಗಿ ತಗ್ಗುತ್ತದೆಯೇ ಎಂದು ನೋಡಬೇಕು.

ಇದಕ್ಕಿಂತ ಮೂಲಭೂತವಾದ ಪರಿಹಾರ ಇನ್ನೊಂದಿದೆ. ಗೋಡೆಯೊಳಗೆ ಅಥವಾ ಕೊಳವೆಯೊಳಗೆ ಹಾಯುವ ಶಾಶ್ವತ ಕೇಬಲಿನ ತುದಿಗೆ ಪ್ಲಗ್ಗನ್ನು ಹಾಕಲೇಬಾರದು. ಅದನ್ನು ಗೋಡೆಯ ಪೆಟ್ಟಿಗೆಯಲ್ಲಿ ಜ್ಯಾಕಿಗೆ ಸೇರಿಸಿ, ಅಲ್ಲಿಂದ ಗಣಕದವರೆಗೆ ಒಂದೆರಡು ಮೀಟರಿನ ಸಿದ್ಧ ಪ್ಯಾಚ್ ಕಾರ್ಡ್ ಬಳಸಬೇಕು. ನೇಗಿಲಿನಲ್ಲಿ ಸವೆಯುವುದು ಗುಳ. ಗುಳವನ್ನು ಬದಲಿಸಿದರೆ ನೇಗಿಲು ಉಳಿಯುತ್ತದೆ. ಹಾಗೆಯೇ ಜಾಲದಲ್ಲಿಯೂ ಪೆಟ್ಟು ತಿನ್ನುವ ಭಾಗವು ಸುಲಭವಾಗಿ ಬದಲಿಸಬಹುದಾದ ಭಾಗವಾಗಿರಬೇಕು. ಜ್ಯಾಕಿಲ್ಲದೆ ನೇರವಾಗಿ ಪ್ಲಗ್ಗು ಹಾಕಿರುವ ಕಡೆ, ತುದಿಯಲ್ಲಿ ಒಂದು ಮೊಳದಷ್ಟು ಹೆಚ್ಚುವರಿ ಕೇಬಲನ್ನು ಸುತ್ತಿಟ್ಟಿರಬೇಕು. ಕೊಂಡಿ ಮುರಿದಾಗ ತುದಿಯನ್ನು ಕತ್ತರಿಸಿ ಹೊಸ ಪ್ಲಗ್ಗು ಹಾಕಲು ಅದು ಒದಗುತ್ತದೆ.

ಎರಡನೆಯ ದೋಷ: ಸೀಳಿದ ಜೋಡಿ

ಕೇಬಲಿನೊಳಗೆ ಎಂಟು ತಂತಿಗಳು ನಾಲ್ಕು ಜೋಡಿಗಳಾಗಿ ಹೆಣೆದುಕೊಂಡಿವೆ. ಒಂದು ಜೋಡಿಯ ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾದ ಸಂಕೇತಗಳು ಹರಿಯುತ್ತವೆ. ಹೆಣೆದುಕೊಂಡಿರುವುದರಿಂದ ಹೊರಗಿನ ಅಡಚಣೆಯು ಎರಡರ ಮೇಲೂ ಸಮವಾಗಿ ಬಿದ್ದು ಪರಸ್ಪರ ರದ್ದಾಗುತ್ತದೆ. ಈ ಕೇಬಲಿನ ಬಲವೆಲ್ಲ ಇರುವುದು ಆ ಹೆಣಿಗೆಯಲ್ಲಿ.

ಪ್ಲಗ್ಗಿನಲ್ಲಿ ಈ ಹೆಣಿಗೆಯನ್ನು ಬಿಚ್ಚಿ, ಎಂಟು ತಂತಿಗಳನ್ನೂ ಸಾಲಾಗಿ, ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ನಿಲ್ಲಿಸಬೇಕು. ಜೋಡಿಗಳನ್ನು 1-2, 3-4, 5-6, 7-8 ಎಂದು ಕ್ರಮವಾಗಿ ಕೂರಿಸುವುದು ಸಹಜವೆನಿಸುತ್ತದೆ. ಆದರೆ ಮಾನಕವು ಹಾಗಿಲ್ಲ. ಟೆಲಿಫೋನಿನ ಪದ್ಧತಿಯಲ್ಲಿ ಮೊದಲ ದೂರವಾಣಿಯು ನಡುವಿನ 4-5ರಲ್ಲಿಯೂ, ಎರಡನೆಯದು ಅದರ ಎರಡೂ ಪಕ್ಕದ 3-6ರಲ್ಲಿಯೂ ಇರುತ್ತಿತ್ತು. ಆ ಹಳೆಯ ಕ್ರಮದೊಡನೆ ಹೊಂದಾಣಿಕೆ ಉಳಿಸಿಕೊಳ್ಳುವ ಸಲುವಾಗಿ ಗಣಕಜಾಲದಲ್ಲಿಯೂ ಜೋಡಿಗಳು 1-2, 3-6, 4-5, 7-8 ಎಂದಾದವು. ಅಂದರೆ ಒಂದು ಜೋಡಿಯನ್ನು ಸೀಳಿ, ಅದರ ನಡುವೆ ಇನ್ನೊಂದು ಜೋಡಿಯನ್ನು ಕೂರಿಸಿದಂತಾಯಿತು. ಇದರಿಂದ ಒಂದು ಜೋಡಿಯ ಸಂಕೇತವು ಮತ್ತೊಂದಕ್ಕೆ ಸೋರುತ್ತದೆ. ಇದನ್ನು ತಂತ್ರಜ್ಞರು ‘ಕ್ರಾಸ್‌ಟಾಕ್’ ಎನ್ನುತ್ತಾರೆ. ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಇದು ಗಮನಕ್ಕೇ ಬರುತ್ತಿರಲಿಲ್ಲ. 1995ರಲ್ಲಿ 100 ಮೆಗಾಬಿಟ್, 1999ರಲ್ಲಿ 1000 ಮೆಗಾಬಿಟ್ ವೇಗದ ಮಾನಕಗಳು ಬಂದಂತೆಲ್ಲ ಇದು ಮುಖ್ಯ ಸಮಸ್ಯೆಯಾಯಿತು.

ತಯಾರಕರು ಇದನ್ನು ಎರಡು ರೀತಿಯಲ್ಲಿ ನಿಭಾಯಿಸಿದ್ದಾರೆ. ಮೊದಲನೆಯದಾಗಿ, ಉತ್ತಮ ಜ್ಯಾಕಿನೊಳಗೆ ಸೋರಿಕೆಗೆ ಸರಿಸಮವಾದ ವಿರುದ್ಧ ಸೋರಿಕೆಯನ್ನು ಉದ್ದೇಶಪೂರ್ವಕವಾಗಿ ಉಂಟುಮಾಡಿ ಅದನ್ನು ರದ್ದುಪಡಿಸುತ್ತಾರೆ. ಎರಡನೆಯದಾಗಿ, ಕ್ಯಾಟ್-6 ಪ್ಲಗ್ಗಿನಲ್ಲಿ ತಂತಿಗಳನ್ನು ಒಂದೇ ಸಾಲಿನ ಬದಲು ಮೇಲೆ ಕೆಳಗೆ ಎರಡು ಸಾಲಾಗಿ ನಿಲ್ಲಿಸಿ, ಸಣ್ಣ ಮಾರ್ಗದರ್ಶಕ ಪಟ್ಟಿಯೊಂದನ್ನು ಕೊಡುತ್ತಾರೆ. ಕಳಪೆ ಪ್ಲಗ್ಗನ್ನು ಉತ್ತಮ ಜ್ಯಾಕಿಗೆ ಹಾಕಿದರೆ ಲೆಕ್ಕಾಚಾರ ತಪ್ಪಿ, ಜ್ಯಾಕಿಗೆ ಕೊಟ್ಟ ಹೆಚ್ಚಿನ ಹಣವೂ ವ್ಯರ್ಥವಾಗುತ್ತದೆ. ಕೇಬಲ್, ಪ್ಲಗ್ಗು, ಜ್ಯಾಕ್ ಮೂರೂ ಒಂದೇ ದರ್ಜೆಯವಾಗಿರಬೇಕು ಎನ್ನುವುದು ಈ ಕಾರಣದಿಂದ.

ನಮ್ಮ ಮಟ್ಟದಲ್ಲಿ ಗಮನಿಸಬೇಕಾದದ್ದು ಎರಡು ವಿಷಯ. ಪ್ಲಗ್ಗು ಹಾಕುವಾಗ ಹೆಣಿಗೆಯನ್ನು 13 ಮಿಲಿಮೀಟರ್, ಅಂದರೆ ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಬಾರದು. ಎರಡನೆಯದು ಬಣ್ಣಗಳ ಕ್ರಮ. ‘ಎರಡೂ ತುದಿಯಲ್ಲಿ ಒಂದೇ ಕ್ರಮವಿದ್ದರೆ ಸಾಕು, ಯಾವ ಕ್ರಮವಾದರೇನು’ ಎಂಬ ತಪ್ಪು ತಿಳಿವಳಿಕೆಯು ಕೆಲವು ಅನನುಭವಿ ಕೆಲಸಗಾರರಲ್ಲಿದೆ. ಹೀಗೆ ಮಾಡಿದ ಕೇಬಲನ್ನು ದೀಪ ಮಿನುಗುವ ಅಗ್ಗದ ಪರೀಕ್ಷಕಕ್ಕೆ ಹಾಕಿದರೆ 1ರಿಂದ 8ರವರೆಗೆ ಎಲ್ಲ ದೀಪಗಳೂ ಸರಿಯಾಗಿ ಬೆಳಗುತ್ತವೆ. ಆದರೆ 3 ಮತ್ತು 6ರಲ್ಲಿ ಬೇರೆ ಬೇರೆ ಜೋಡಿಯ ತಂತಿಗಳಿರುವುದರಿಂದ ಹೆಣಿಗೆಯ ರಕ್ಷಣೆ ತಪ್ಪಿ, ಐದಾರು ಮೀಟರ್ ದೂರಕ್ಕೆ ಹೇಗೋ ನಡೆದರೂ ಐವತ್ತು ಮೀಟರ್ ದೂರದ ಗೋದಾಮಿನಲ್ಲಿ ಜಾಲ ತೆವಳುತ್ತದೆ.

ಸರಿಯಾದ ಕ್ರಮವನ್ನು ಮಾಲೀಕರೇ ಕಣ್ಣಿನಿಂದ ಪರೀಕ್ಷಿಸಬಹುದು. ಕೊಂಡಿ ಕೆಳಮುಖವಾಗಿ, ಕೇಬಲ್ ನಮ್ಮ ಕಡೆಗಿರುವಂತೆ ಪ್ಲಗ್ಗನ್ನು ಹಿಡಿದರೆ ಎಡತುದಿಯದು ಒಂದನೆಯ ಸ್ಥಾನ. ಅಲ್ಲಿಂದ ಬಲಕ್ಕೆ ಟಿ568ಬಿ ಕ್ರಮವು ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಟಿ568ಎ ಎಂಬ ಇನ್ನೊಂದು ಕ್ರಮದಲ್ಲಿ ಕಿತ್ತಳೆ ಮತ್ತು ಹಸಿರು ಜೋಡಿಗಳು ಸ್ಥಾನ ಬದಲಿಸುತ್ತವೆ. ಎರಡರ ಗುಣಮಟ್ಟವೂ ಒಂದೇ. ಇಡೀ ಕಟ್ಟಡದಲ್ಲಿ ಒಂದನ್ನೇ ಪಾಲಿಸಬೇಕು, ಅಷ್ಟೆ.

ಮೂರನೆಯ ದೋಷ: ತಂತಿಗೂ ಪ್ಲಗ್ಗಿಗೂ ಹೊಂದದಿರುವುದು

ಗೋಡೆಯೊಳಗಿನ ಕೇಬಲಿನ ಪ್ರತಿ ತಂತಿಯೂ ಒಂದೇ ಗಟ್ಟಿ ಎಳೆಯದು. ಪ್ಯಾಚ್ ಕಾರ್ಡಿನ ತಂತಿಯು ಬಳುಕುವಂತೆ ಏಳು ತೆಳು ಎಳೆಗಳಿಂದ ಕೂಡಿದ್ದು. ಪ್ಲಗ್ಗಿನೊಳಗೆ ಸಣ್ಣ ಲೋಹದ ಅಲಗು ತಂತಿಯ ಹೊದಿಕೆಯನ್ನು ಭೇದಿಸಿ ಸಂಪರ್ಕ ಮಾಡುತ್ತದೆ. ಎಳೆಗಳ ತಂತಿಗಾಗಿ ಮಾಡಿದ ಅಲಗು ನೇರವಾಗಿ ನಡುವೆ ಚುಚ್ಚಿ ಎಳೆಗಳ ಮಧ್ಯೆ ಇಳಿಯುತ್ತದೆ. ಗಟ್ಟಿ ತಂತಿಗಾಗಿ ಮಾಡಿದ ಅಲಗಿನ ಮೊನೆಗಳು ಎಡಕ್ಕೂ ಬಲಕ್ಕೂ ಬಾಗಿದ್ದು ತಂತಿಯನ್ನು ತಬ್ಬಿ ಹಿಡಿಯುತ್ತವೆ. ಒಂದರ ಪ್ಲಗ್ಗನ್ನು ಮತ್ತೊಂದಕ್ಕೆ ಹಾಕಿದರೆ ಆ ದಿನ ಕೆಲಸ ನಡೆಯುತ್ತದೆ. ಕೆಲವು ತಿಂಗಳುಗಳ ಅನಂತರ ಬಿಸಿ-ತಂಪಿನ ಏರಿಳಿತಕ್ಕೆ ಸಂಪರ್ಕ ಸಡಿಲಗೊಳ್ಳುತ್ತದೆ. ಹೊರನೋಟಕ್ಕೆ ಎರಡೂ ಪ್ಲಗ್ಗುಗಳು ಒಂದೇ ತೆರನಾಗಿ ಕಾಣುವುದೇ ಇಲ್ಲಿನ ವಿನ್ಯಾಸದೋಷ. ಎರಡಕ್ಕೂ ಒಗ್ಗುವ ಮೂರು ಮೊನೆಯ ಪ್ಲಗ್ಗುಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅವುಗಳನ್ನೇ ಕೇಳಿ ಪಡೆಯುವುದು ಕ್ಷೇಮ.

ಇದರೊಡನೆ ಇನ್ನೊಂದು ಅಂಶ. ಕೇಬಲಿನ ಹೊರಕವಚವು ಪ್ಲಗ್ಗಿನೊಳಗೆ ಹೋಗಿ, ಹಿಂಬದಿಯ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ಒತ್ತಲ್ಪಡಬೇಕು. ಕವಚ ಹೊರಗೇ ಉಳಿದು ಬಣ್ಣಬಣ್ಣದ ತಂತಿಗಳು ಕಾಣುತ್ತಿದ್ದರೆ, ಎಳೆತದ ಭಾರವೆಲ್ಲ ತೆಳು ತಂತಿಗಳ ಮೇಲೆ ಬೀಳುತ್ತದೆ. ಅಂತಹ ಕೆಲಸವನ್ನು ಒಪ್ಪಿಕೊಂಡು ಹಣ ಕೊಡಬಾರದು.

ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯ ಕೇಬಲ್‌ಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಇವು ಅಗ್ಗ ಮತ್ತು ಹಗುರ. ಆದರೆ ಗಣಕಜಾಲದ ಕೇಬಲ್ ಮಾನಕಗಳು ತಾಮ್ರದ ತಂತಿಯನ್ನೇ ಅಪೇಕ್ಷಿಸುತ್ತವೆ. ಅಲ್ಯೂಮಿನಿಯಂ ತಂತಿಯ ವಿದ್ಯುತ್ ರೋಧವು ಅದೇ ದಪ್ಪದ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಬಾಗಿಸಿದರೆ ಬೇಗ ಮುರಿಯುತ್ತದೆ. ಅಲಗು ಚುಚ್ಚಿದ ಕಡೆ ತೇವ ತಾಗಿದರೆ ಕಿಲುಬು ಹಿಡಿಯುತ್ತದೆ. ತಂತಿಯ ತುದಿಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ ಎಂದು ತಿಳಿಯಬೇಕು.

ನಾಲ್ಕನೆಯ ದೋಷ: ಧೂಳು, ತೇವ ಮತ್ತು ತೆಳು ಚಿನ್ನ

ಪ್ಲಗ್ಗಿನ ಸಂಪರ್ಕಗಳು ತಾಮ್ರದ ಮಿಶ್ರಲೋಹದವು. ಮೇಲೆ ಚಿನ್ನದ ತೆಳು ಲೇಪವಿರುತ್ತದೆ. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ ಎಂಬುದೇ ಕಾರಣ. ಉತ್ತಮ ಪ್ಲಗ್ಗಿನಲ್ಲಿ ಈ ಲೇಪವು 50 ಮೈಕ್ರೊ ಇಂಚು, ಅಂದರೆ ಸುಮಾರು 1.27 ಮೈಕ್ರಾನ್ ದಪ್ಪವಿರುತ್ತದೆ. ಅಗ್ಗದ ಪ್ಲಗ್ಗಿನಲ್ಲಿ ಅದು 3 ಅಥವಾ 6 ಮೈಕ್ರೊ ಇಂಚಿಗೆ ಇಳಿದಿರುತ್ತದೆ. ನಾಲ್ಕಾರು ಬಾರಿ ತೆಗೆದು ಹಾಕುವಷ್ಟರಲ್ಲಿ ಅದು ಸವೆದು ಒಳಗಿನ ಲೋಹ ಬಯಲಾಗುತ್ತದೆ. ಅಂತರರಾಷ್ಟ್ರೀಯ ಮಾನಕವಾದ ಐಇಸಿ 60603-7ರ ಪ್ರಕಾರ ಇಂತಹ ಕನೆಕ್ಟರು ಕನಿಷ್ಠ 750 ಬಾರಿ ತೆಗೆದು ಹಾಕುವುದನ್ನು ತಾಳಬೇಕು.

ಜ್ಯಾಕಿಗೆ ಬಾಗಿಲಿಲ್ಲ, ಪ್ಲಗ್ಗಿಗೆ ಮುದ್ರೆಯಿಲ್ಲ. ಹವಾನಿಯಂತ್ರಿತ ಕಚೇರಿಯಲ್ಲಿ ಇದು ನಡೆಯುತ್ತದೆ. ಅಕ್ಕಿ ಗಿರಣಿಯ ತೌಡು ಮತ್ತು ಹೊಟ್ಟಿನ ಧೂಳು, ನಾರಿನ ಘಟಕದ ಪುಡಿ, ಆಲೆಮನೆಯ ಹಬೆ ಮತ್ತು ಹೊಗೆ ಇವುಗಳ ನಡುವೆ ನಡೆಯುವುದಿಲ್ಲ. ಧೂಳು ಸಂಪರ್ಕಗಳ ನಡುವೆ ಸೇರಿ, ಮಳೆಗಾಲದ ತೇವವನ್ನು ಹೀರಿ, ಲೋಹವನ್ನು ತಿನ್ನುತ್ತದೆ.

ಕಾರ್ಖಾನೆಗಳಿಗಾಗಿಯೇ ‘ಎಂ12’ ಎಂಬ ದುಂಡನೆಯ, ತಿರುಚಿ ಬಿಗಿಯುವ ಕನೆಕ್ಟರ್ ಇದೆ. ನಾಲ್ಕು ಪಿನ್ನಿನ ‘ಡಿ’ ಮಾದರಿಯು 100 ಮೆಗಾಬಿಟ್ ವೇಗಕ್ಕೂ, ಎಂಟು ಪಿನ್ನಿನ ‘ಎಕ್ಸ್’ ಮಾದರಿಯು 10 ಗಿಗಾಬಿಟ್‌ವರೆಗೂ ಒದಗುತ್ತವೆ. ಐಪಿ67 ದರ್ಜೆಯ ಮುಚ್ಚಳವಿರುವ ಆರ್‌ಜೆ-45 ಕೂಡ ದೊರೆಯುತ್ತದೆ. ಯಂತ್ರಗಳ ಪಕ್ಕದಲ್ಲಿ, ಹೊರಾಂಗಣದಲ್ಲಿ ಇವು ದುಬಾರಿಯಾದರೂ ಉಚಿತ. ಇಷ್ಟು ವೆಚ್ಚ ಸಾಧ್ಯವಿಲ್ಲದವರು ಕೆಲವು ಸರಳ ಕ್ರಮಗಳನ್ನು ಅನುಸರಿಸಬಹುದು. ಜಾಲದ ಸ್ವಿಚ್ಚನ್ನು ಯಂತ್ರಾಂಗಣದಿಂದ ಹೊರಗೆ ಮುಚ್ಚಿದ ಪೆಟ್ಟಿಗೆಯಲ್ಲಿಡುವುದು; ಗೋಡೆಯ ಜ್ಯಾಕನ್ನು ಕೆಳಮುಖವಾಗಿ ಕೂರಿಸುವುದು; ಖಾಲಿ ಜ್ಯಾಕುಗಳಿಗೆ ರಬ್ಬರ್ ಮುಚ್ಚಳ ಹಾಕುವುದು; ಹೊರಗಿನಿಂದ ಬರುವ ಕೇಬಲನ್ನು ಜ್ಯಾಕಿಗೆ ಸೇರುವ ಮುನ್ನ ಒಮ್ಮೆ ಕೆಳಗಿಳಿಸಿ ಬಾಗಿಸುವುದು, ಇದರಿಂದ ಮಳೆನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕುತ್ತದೆ.

ಐದನೆಯ ದೋಷ: ಒಂದೇ ರೂಪ, ಬೇರೆ ಕೆಲಸ

ಟೆಲಿಫೋನಿನ ಚಿಕ್ಕ ಪ್ಲಗ್ಗು ಗಣಕದ ಜ್ಯಾಕಿನೊಳಗೆ ಸಲೀಸಾಗಿ ಹೋಗುತ್ತದೆ. ಹೋಗದಂತೆ ತಡೆಯುವ ಏರ್ಪಾಡು ವಿನ್ಯಾಸದಲ್ಲಿಲ್ಲ. ಆ ಪ್ಲಗ್ಗಿನ ಎರಡೂ ಅಂಚುಗಳು ಜ್ಯಾಕಿನ 1 ಮತ್ತು 8ನೆಯ ಸ್ಪ್ರಿಂಗ್ ತಂತಿಗಳನ್ನು ಮಿತಿಮೀರಿ ಒತ್ತಿ ಬಾಗಿಸುತ್ತವೆ. ಅನಂತರ ಸರಿಯಾದ ಪ್ಲಗ್ಗು ಹಾಕಿದರೂ ಆ ತಂತಿಗಳು ಮುಟ್ಟುವುದಿಲ್ಲ. ಅಲ್ಲದೆ ದೂರವಾಣಿಯ ಗಂಟೆ ಬಾರಿಸುವ ವಿದ್ಯುತ್ತು ಗಣಕದ ಉಪಕರಣಕ್ಕೆ ಹಾನಿ ಮಾಡಬಲ್ಲದು. ದೂರವಾಣಿ ಮತ್ತು ಗಣಕದ ಜ್ಯಾಕುಗಳನ್ನು ಬೇರೆ ಬೇರೆ ಬಣ್ಣದಲ್ಲಿಟ್ಟು, ಮೇಲೆ ಕನ್ನಡದಲ್ಲಿ ಚೀಟಿ ಅಂಟಿಸುವುದೇ ಇದಕ್ಕೆ ಪರಿಹಾರ. ವಸತಿಗೃಹಗಳವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಆರನೆಯ ದೋಷ: ಕೇಬಲಿನಲ್ಲಿಯೇ ವಿದ್ಯುತ್ತು

ಸಿಸಿಟಿವಿ ಕ್ಯಾಮೆರಾಗಳಿಗೆ ಪ್ರತ್ಯೇಕ ವಿದ್ಯುತ್ ತಂತಿ ಎಳೆಯದೆ ಜಾಲದ ಕೇಬಲಿನಲ್ಲಿಯೇ ವಿದ್ಯುತ್ತನ್ನೂ ಕಳುಹಿಸುವ ಪದ್ಧತಿಗೆ ‘ಪಿಒಇ’ ಎಂದು ಹೆಸರು. 2003ರ ಮಾನಕದಲ್ಲಿ ಒಂದು ಕೇಬಲಿಗೆ 15.4 ವಾಟ್ ಇದ್ದುದು 2009ರಲ್ಲಿ 30 ವಾಟ್‌ಗೆ, 2018ರಲ್ಲಿ 90 ವಾಟ್‌ಗೆ ಏರಿತು. ಟೆಲಿಫೋನಿಗಾಗಿ ಹುಟ್ಟಿದ ಸಂಪರ್ಕಗಳ ಮೇಲೆ ಇದು ದೊಡ್ಡ ಭಾರ. ವಿದ್ಯುತ್ತು ಹರಿಯುತ್ತಿರುವಾಗಲೇ ಪ್ಲಗ್ಗನ್ನು ಕಿತ್ತರೆ ಸಂಪರ್ಕಗಳು ಬೇರ್ಪಡುವ ಕ್ಷಣದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಹಾರಿ, ಚಿನ್ನದ ಲೇಪವನ್ನು ಸುಡುತ್ತದೆ. ಉತ್ತಮ ಜ್ಯಾಕಿನ ವಿನ್ಯಾಸದಲ್ಲಿ ಕಿಡಿ ಹಾರುವ ಜಾಗವೂ ಪ್ಲಗ್ಗು ಪೂರ್ತಿ ಕುಳಿತಾಗ ಮುಟ್ಟುವ ಜಾಗವೂ ಬೇರೆ ಬೇರೆಯಾಗಿರುತ್ತವೆ. ಆದ್ದರಿಂದ ಸುಟ್ಟ ಗುರುತು ಕೆಲಸಕ್ಕೆ ಅಡ್ಡಿಯಾಗುವುದಿಲ್ಲ. ಅಗ್ಗದ ಜ್ಯಾಕುಗಳಲ್ಲಿ ಈ ಭರವಸೆಯಿಲ್ಲ. ಕ್ಯಾಮೆರಾದ ಕೇಬಲನ್ನು ಕೀಳುವ ಮುನ್ನ ಸ್ವಿಚ್ಚಿನ ವಿದ್ಯುತ್ತನ್ನು ಆರಿಸುವುದು ಖರ್ಚಿಲ್ಲದ ಪರಿಹಾರ. ಅಲ್ಯೂಮಿನಿಯಂ ತಂತಿಯ ಕೇಬಲನ್ನು ಈ ಪದ್ಧತಿಗೆ ಬಳಸಲೇಬಾರದು. ಹೆಚ್ಚಿನ ರೋಧದಿಂದ ಕೇಬಲ್ ಬಿಸಿಯಾಗುತ್ತದೆ, ದೂರದ ಕ್ಯಾಮೆರಾಕ್ಕೆ ಸಾಕಷ್ಟು ವಿದ್ಯುತ್ತೂ ತಲಪುವುದಿಲ್ಲ.

ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆದಿದ್ದರೆ ಮುಂಗಾರಿಗೆ ಮುನ್ನಿನ ಗುಡುಗು-ಸಿಡಿಲಿನ ದಿನಗಳಲ್ಲಿ ಎರಡೂ ಕಡೆಯ ಉಪಕರಣಗಳು ಒಟ್ಟಿಗೆ ಸುಡುವ ಅಪಾಯವಿದೆ. ಅಂತಹ ಕಡೆ ವಿದ್ಯುತ್ತನ್ನು ಒಯ್ಯದ ಆಪ್ಟಿಕಲ್ ಫೈಬರ್ ಬಳಸುವುದು ಉತ್ತಮ.

ಹೊಸ ವಿನ್ಯಾಸಗಳು ಏಕೆ ಗೆಲ್ಲಲಿಲ್ಲ?

ಇಷ್ಟು ದೋಷಗಳಿದ್ದರೂ ಈ ಕನೆಕ್ಟರ್ ಏಕೆ ಉಳಿದಿದೆ ಎಂಬ ಪ್ರಶ್ನೆ ಸಹಜ. ಜೋಡಿಗಳನ್ನು ನಾಲ್ಕು ಮೂಲೆಗಳಿಗೆ ಬೇರ್ಪಡಿಸಿ ಸೋರಿಕೆಯನ್ನು ಬುಡದಲ್ಲಿಯೇ ತಡೆಯುವ ಜಿಜಿ45 ಮತ್ತು ಟೆರಾ ಎಂಬ ಕನೆಕ್ಟರ್‌ಗಳನ್ನು ಕ್ಯಾಟ್-7 ದರ್ಜೆಗಾಗಿ ರೂಪಿಸಲಾಯಿತು. ತಾಂತ್ರಿಕವಾಗಿ ಅವು ಮೇಲಾದರೂ ವ್ಯಾಪಕವಾಗಲಿಲ್ಲ. ಜಗತ್ತಿನಾದ್ಯಂತ ಇರುವ ಕೋಟ್ಯಂತರ ಉಪಕರಣಗಳ ಜ್ಯಾಕು ಹಳೆಯದೇ ಆಗಿರುವಾಗ, ಹೊಸ ಪ್ಲಗ್ಗನ್ನು ಕೊಳ್ಳುವವರಾರು? ಹೊಂದಾಣಿಕೆಯ ಬೆಲೆಯು ಗುಣಮಟ್ಟದ ಬೆಲೆಗಿಂತ ಹೆಚ್ಚೆಂಬುದನ್ನು ವ್ಯಾಪಾರಸ್ಥರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ಮುಂದೆಯೂ ಬಹುಕಾಲ ನಾವು ಇದರೊಡನೆಯೇ ಬಾಳಬೇಕಾಗಿದೆ. ಅದರ ದೋಷಗಳನ್ನು ಅರಿತು ಬಾಳುವುದು ಜಾಣತನ.

ದೋಷ ಪತ್ತೆಯ ಸರಳ ಕ್ರಮ

ಜಾಲ ನಿಂತಾಗ ಮೊದಲು ಪ್ಲಗ್ಗಿನ ಪಕ್ಕದ ಸಣ್ಣ ದೀಪವನ್ನು ನೋಡಬೇಕು. ದೀಪವಿಲ್ಲದಿದ್ದರೆ ಕೇಬಲನ್ನು ಸಂದೇಹಿಸಿ, ಸುಸ್ಥಿತಿಯಲ್ಲಿರುವ ಇನ್ನೊಂದು ಪ್ಯಾಚ್ ಕಾರ್ಡ್ ಹಾಕಿ ನೋಡಬೇಕು. ದೀಪವಿದ್ದೂ ಜಾಲ ನಿಧಾನವಾಗಿದ್ದರೆ ಗಣಕದಲ್ಲಿ ಸಂಪರ್ಕದ ವೇಗವನ್ನು ಪರಿಶೀಲಿಸಬೇಕು. 100 ಮೆಗಾಬಿಟ್ ವೇಗಕ್ಕೆ 1-2 ಮತ್ತು 3-6 ಎಂಬ ಎರಡು ಜೋಡಿಗಳು ಸಾಕು; 1000 ಮೆಗಾಬಿಟ್‌ಗೆ ನಾಲ್ಕೂ ಬೇಕು. ಎರಡೂ ಕಡೆ ಗಿಗಾಬಿಟ್ ಉಪಕರಣವಿದ್ದು ವೇಗ 100 ಎಂದು ತೋರುತ್ತಿದ್ದರೆ, ನೀಲಿ ಅಥವಾ ಕಂದು ಜೋಡಿಯ ಸಂಪರ್ಕ ತಪ್ಪಿರುವ ಸಂಭವ ಹೆಚ್ಚು. ಆಗ ಎರಡೂ ತುದಿಯ ಪ್ಲಗ್ಗುಗಳನ್ನು ಬದಲಿಸಬೇಕು. ಕೇಬಲಿನ ಒಟ್ಟು ಉದ್ದ ಪ್ಯಾಚ್ ಕಾರ್ಡ್‌ಗಳೂ ಸೇರಿ 100 ಮೀಟರ್ ಮೀರಬಾರದು.

ಪ್ರತಿಯೊಬ್ಬರೂ ಎರಡು ಸಿದ್ಧ ಪ್ಯಾಚ್ ಕಾರ್ಡ್‌ಗಳನ್ನು ಮೇಜಿನ ಸೆಳೆಖಾನೆಯಲ್ಲಿ ಇಟ್ಟಿರುವುದು ಒಳಿತು. ಇ-ವೇ ಬಿಲ್ಲನ್ನು ಮೊಬೈಲ್ ಫೋನಿನ ಮೂಲಕವೂ ತಯಾರಿಸಲು ಅವಕಾಶವಿರುವುದರಿಂದ, ಆ ನೋಂದಣಿಯನ್ನು ಮೊದಲೇ ಮಾಡಿಸಿಕೊಂಡಿದ್ದರೆ ಲಾರಿಯು ಕಾಯಬೇಕಾಗುವುದಿಲ್ಲ.

ಸಣ್ಣ ತಯಾರಕರಿಗೆ ಒಂದು ಮಾತು

ನಮ್ಮ ಭಾಗದಲ್ಲಿ ಪ್ಲಾಸ್ಟಿಕ್ ಅಚ್ಚಿನ ಕೆಲಸ ಬಲ್ಲವರಿದ್ದಾರೆ. ಪ್ಲಗ್ಗಿನ ಲೋಹದ ಭಾಗಗಳ ತಯಾರಿಕೆಗೆ ಭಾರೀ ಬಂಡವಾಳ ಬೇಕು. ಆದರೆ ಬೂಟ್, ಜ್ಯಾಕಿನ ಮುಚ್ಚಳ, ಧೂಳು ತಡೆಯುವ ಗೋಡೆಪೆಟ್ಟಿಗೆ, ಅಳತೆಗೆ ತಕ್ಕಂತೆ ಸಿದ್ಧಪಡಿಸಿ ಪರೀಕ್ಷಿಸಿದ ಪ್ಯಾಚ್ ಕಾರ್ಡ್ ಇವುಗಳನ್ನು ಸಣ್ಣ ಘಟಕದಲ್ಲಿಯೂ ಮಾಡಬಹುದು. ಗುಣಮಟ್ಟದ ಗುಟ್ಟು ಕಚ್ಚಾವಸ್ತುವಿನಲ್ಲಿದೆ. ಪ್ಲಗ್ಗುಗಳಿಗೆ ಬಳಸುವ ಪಾಲಿಕಾರ್ಬೊನೇಟ್ ಹರಳುಗಳನ್ನು ಅಚ್ಚಿಗೆ ಹಾಕುವ ಮುನ್ನ ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ನಾಲ್ಕು ಗಂಟೆ ಒಣಗಿಸಬೇಕು. ತೇವ ಉಳಿದ ಹರಳಿನಿಂದ, ಅಥವಾ ಮಿತಿಮೀರಿ ಮರುಬಳಕೆಯ ಚೂರು ಬೆರೆಸಿದ ಹರಳಿನಿಂದ ಮಾಡಿದ ವಸ್ತು ನೋಡಲು ಚೆನ್ನಾಗಿದ್ದರೂ ಬಾಗಿಸಿದಾಗ ಪಟ್ಟನೆ ಮುರಿಯುತ್ತದೆ. ಅಗ್ಗದ ಪ್ಲಗ್ಗಿನ ಕೊಂಡಿಗಳು ಬೇಗ ಮುರಿಯುವುದಕ್ಕೆ ಇದೂ ಒಂದು ಕಾರಣ.

ಖರೀದಿಸುವವರು ತಂತ್ರಜ್ಞರೊಡನೆ ಮಾಡಿಕೊಳ್ಳುವ ಕರಾರಿನಲ್ಲಿ ಈ ಅಂಶಗಳನ್ನು ಬರೆಸುವುದು ಸೂಕ್ತ: ಕೇಬಲ್ ಶುದ್ಧ ತಾಮ್ರದ್ದಾಗಿರಬೇಕು, ಕೇಬಲ್, ಪ್ಲಗ್ಗು, ಜ್ಯಾಕ್ ಒಂದೇ ದರ್ಜೆಯವಾಗಿರಬೇಕು, ಸಂಪರ್ಕಗಳಿಗೆ 50 ಮೈಕ್ರೊ ಇಂಚು ಚಿನ್ನದ ಲೇಪವಿರಬೇಕು, ಶಾಶ್ವತ ಕೇಬಲ್ ಜ್ಯಾಕಿನಲ್ಲಿ ಕೊನೆಗೊಳ್ಳಬೇಕು, ಬಣ್ಣದ ಕ್ರಮ ಎಲ್ಲೆಡೆ ಟಿ568ಬಿ ಆಗಿರಬೇಕು, ಪ್ರತಿ ಕೇಬಲಿನ ಎರಡೂ ತುದಿಗೆ ಸಂಖ್ಯೆಯ ಚೀಟಿ ಇರಬೇಕು, ಕೆಲಸ ಮುಗಿದ ಮೇಲೆ ಪ್ರತಿ ಕೇಬಲ್ ಸಾವಿರ ಮೆಗಾಬಿಟ್ ವೇಗದಲ್ಲಿ ನಡೆಯುವುದನ್ನು ತೋರಿಸಿಕೊಡಬೇಕು.

ಇವುಗಳಿಂದ ಹತ್ತು ಗಣಕಗಳ ಕಚೇರಿಯೊಂದಕ್ಕೆ ತಗಲುವ ಹೆಚ್ಚುವರಿ ವೆಚ್ಚವನ್ನು, ಸುಗ್ಗಿಯ ಕಾಲದಲ್ಲಿ ಒಂದು ದಿನ ವ್ಯವಹಾರ ನಿಂತರೆ ಆಗುವ ನಷ್ಟದೊಡನೆ ಸದಸ್ಯರು ತಾವೇ ಹೋಲಿಸಿ ನೋಡಬಹುದು. ಮುಂದಿನ ಬಾರಿ ಕೇಬಲ್ ಕೆಲಸಕ್ಕೆ ಕರೆಯುವ ಮುನ್ನ ಮೇಲಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮಾತನಾಡಿದರೆ ಈ ಲೇಖನದ ಉದ್ದೇಶ ಸಾರ್ಥಕವಾಗುತ್ತದೆ.